ಜೊಂಡು ಕಿತ್ತ ದಡ

ಹುಚ್ಚಮ್ಮ ಹೊಸ್ತಿಲ ಹೊರಗೆ ಕೂತು ರಾಗಿ ಕೇರುತ್ತಿದ್ದಳು. ಒಳಗೆ ಮೊಮ್ಮಗು ಒಂದೇ ಸಮನೆ ಅಳುತ್ತಿತ್ತು. ಮೊದಲಾಗಿದ್ದರೆ ಮೊರ ಬಿಸಾಕಿ ಓಡುತ್ತಿದ್ದ ಹೆಂಗಸು ಈಗ ಕಿವಿ ಕೇಳದವಳ ಹಾಗೆ ತಲೆ ಬಗ್ಗಿಸಿಕೊಂಡಿದ್ದಳು. ಆಸ್ಪತ್ರೆಯಿಂದ ಬಂದಮೇಲೆ ಅವಳು ಕೂಸನ್ನು ಮುಟ್ಟೇ ಇಲ್ಲ. ಗಂಡ ತಿಮ್ಮಯ್ಯ ಅದನ್ನು ನೋಡಲಾರದೆ ಎದ್ದು ಯಗಚಿ ಹೊಳೆಯ ಕಡೆ ನಡೆದ.

ಅವನ ಹೊಲಕ್ಕೂ ಹೊಳೆಗೂ ನಡುವೆ ತಾತನ ಕಾಲದಿಂದ ಆಳೆತ್ತರ ಜೊಂಡು ಬೆಳೆದಿತ್ತು. ಹೋದ ವರ್ಷ ಜೆಸಿಬಿ ತರಿಸಿ ಬುಡಸಮೇತ ಕೀಳಿಸಿದ. ಜೊಂಡಿನಲ್ಲಿ ಹಂದಿ ಅಡಗುತ್ತವೆ, ಒಳ್ಳೇ ಜಾಗ ಸುಮ್ಮನೆ ದಂಡ ಎಂಬುದು ಅವನ ವಾದ. ಅದು ಪೂರಾ ಸುಳ್ಳೂ ಅಲ್ಲ. ನೀರಿನಂಚಿನವರೆಗೆ ಶುಂಠಿ ಹಾಕಿ, ಕೈ ಬಿಚ್ಚಿ ಯೂರಿಯಾ ಸುರಿದ. ಈಗ ದಡದುದ್ದಕ್ಕೂ ಹಸಿರು ಪಾಚಿ ದಪ್ಪಗೆ ಕಟ್ಟಿಕೊಂಡಿದೆ. ಅಲ್ಲಿ ನಿಂತರೆ ಬೆನ್ನ ಹಿಂದೆ ಜೊಂಡು ಸರಸರ ಅಂದಂತಾಗುತ್ತದೆ. ತಿರುಗಿದರೆ ಬೋಳು ನೆಲ. ತಿಮ್ಮಯ್ಯನಿಗೆ ಹಗಲಲ್ಲೇ ಮೈ ಜುಮ್ಮೆನ್ನುತ್ತಿತ್ತು.

ಅವರ ಮನೆತನದಲ್ಲಿ ಬಾಣಂತಿಗೂ ಕೂಸಿಗೂ ನಲ್ಲಿ ನೀರು ಆಗದು. ದಡದ ಮರಳು ಬಗೆದ ಒರತೆಯ ನೀರೇ ಬೇಕು, ಅದೂ ಒಂದು ಚೊಂಬು ಅರ್ಧವಾಗುವಷ್ಟು ಕುದಿಯಬೇಕು. ಬಾಣಂತನಕ್ಕೆ ಬಂದ ಮಗಳು ಹೇಮಾಶ್ರೀಗೆ ಹಾಲು ಸಾಲದಾದಾಗ ಹುಚ್ಚಮ್ಮ ಆ ನೀರಿನಲ್ಲೇ ಪುಡಿಹಾಲು ಕಲಸಿ ಕುಡಿಸಿದಳು. ಕೂಸಿನ ತುಟಿ ನೀಲಿಯಾಯಿತು. ನೀರು ಸರಿಯಾಗಿ ಕಾದಿಲ್ಲವೆಂದು ಅಜ್ಜಿ ಇನ್ನಷ್ಟು ಕುದಿಸಿದಳು. ನೀಲಿ ಉಗುರಿಗೂ ಇಳಿಯಿತು.

ಹಾಸನದ ಆಸ್ಪತ್ರೆಯಲ್ಲಿ ಜೀವವೇನೋ ಉಳಿಯಿತು. ನೀರಿನಲ್ಲಿ ಎಳೆಗೂಸಿನ ರಕ್ತ ಕೆಡಿಸುವ ನೈಟ್ರೇಟ್ ವಿಪರೀತ ಇದೆ, ಕುದಿಸಿದಷ್ಟೂ ಅದು ಗಟ್ಟಿಯಾಗುತ್ತದೆ ಎಂದರು ಡಾಕ್ಟರು. ಆ ಮಾತು ಹುಚ್ಚಮ್ಮನ ಎದೆಗೆ ಚುಚ್ಚಿತು. ಕೂಸಿಗೆ ತಾನೇ ವಿಷ ಕಾಯಿಸಿ ಕೊಟ್ಟೆ ಎಂದುಕೊಂಡಳು. ಆದರೆ ನೀರು ಪರೀಕ್ಷೆ ಮಾಡಿದ ಇಂದುಧರ ಎಂಬಾತ ತಿಮ್ಮಯ್ಯನನ್ನು ಪಕ್ಕಕ್ಕೆ ಕರೆದು, ದಡದಲ್ಲಿ ಗಿಡ ಏನೂ ಇಲ್ಲವೇ ಎಂದು ವಿಚಾರಿಸಿದ್ದ. ಜೊಂಡು ಕೀಳಿಸಿದ್ದನ್ನು ಇವನು ಹೇಳಿದಾಗ ಆತ ವಿವರಿಸಿದ್ದ:

“ಗೊಬ್ಬರದಿಂದಾಗೋ ನೈಟ್ರೇಟ್ ಹೊಳೆ ಕಡೆ ಇಳಿಯೋವಾಗ ಜೊಂಡು ಅದನ್ನ ಹೀರಿ ಬೆಳೆಯುತ್ತೆ, ಯಜಮಾನ್ರೇ. ಮಿಕ್ಕಿದ್ದನ್ನ ಬೇರಿನ ಕೆಸರಲ್ಲಿರೋ ಸೂಕ್ಷ್ಮಜೀವಿಗಳು ಗಾಳಿಗೆ ಬಿಟ್ಬಿಡ್ತವೆ. ಅದನ್ನ ಕಿತ್ತಾಕಿದ್ರೆ ಎಲ್ಲಾ ನೇರ ಒರತೆಗೇ.”

ತಿಮ್ಮಯ್ಯ ಆ ಮಾತನ್ನು ಮನೆಯಲ್ಲಿ ಎತ್ತಲೇ ಇಲ್ಲ. ಹೆಂಡತಿ ಒಳಗೊಳಗೇ ಬೇಯುತ್ತಿದ್ದರೂ ಇವನು ಬಾಯಿಗೆ ಬೀಗ ಹಾಕಿಕೊಂಡಿದ್ದ. ಎಂಥ ಗಂಡಸೋ!

ಈಗ ಆ ಪಾಚಿಯ ಮುಂದೆ ನಿಂತವನಿಗೆ ನೀರೊಳಗೆ ಎರಡು ನೀಲಿ ತುಟಿ ಕಂಡಂತಾಯಿತು. ಸರಸರನೆ ಮನೆಗೆ ಬಂದ. ಹೇಮಾಶ್ರೀ ಗಂಡನ ಮನೆಗೆ ಹೊರಟು ನಿಂತಿದ್ದಳು. ಒಂದು ಸಲ ಎತ್ತಿಕೋ ಎಂದು ಮಗುವನ್ನು ತಾಯಿಯ ಮುಂದೆ ಹಿಡಿದಿದ್ದಳು.

“ಬ್ಯಾಡ ಕಣವ್ವ. ನನ್ ಕೈ ಒಳ್ಳೇದಲ್ಲ,” ಎಂದಳು ಹುಚ್ಚಮ್ಮ.

ತಿಮ್ಮಯ್ಯ ಹೆಂಡತಿಯ ಎದುರಿಗೆ ಬಂದು ನಿಂತ. “ನಿನ್ ಕೈದಲ್ಲ ಕಣೇ ತಪ್ಪು. ಜೊಂಡು ಕೀಳ್ಸಿದ್ದು ನಾನು, ಗೊಬ್ಬರ ಸುರ್ದಿದ್ದು ನಾನು. ಒರತೆ ಕೆಟ್ಟಿದ್ದು ಅದ್ಕೇಯ. ಆಸ್ಪತ್ರೇಲೇ ಗೊತ್ತಾಗಿತ್ತು ನಂಗೆ.”

ಹುಚ್ಚಮ್ಮ ಮಗುವಿನ ಕಡೆ ಕೈ ಚಾಚಿದಳು. “ಗೊತ್ತಿದ್ದೂ ಸುಮ್ಕಿದ್ರಾ?” ಎಂದಷ್ಟೇ ಕೇಳಿ ಕೂಸನ್ನು ಎದೆಗವಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಮರುದಿನ ತಿಮ್ಮಯ್ಯ ಹೊಳೆಯ ಮೇಲ್ಗಡೆ ಉಳಿದಿದ್ದ ಜೊಂಡಿನ ಗೆಡ್ಡೆ ಅಗೆದು ತಂದ. ದಡದ ಕಡೆಯ ಸಾಲಿನಲ್ಲಿ ಮೊಳೆತಿದ್ದ ಶುಂಠಿ ಕಿತ್ತು, ಆ ಜಾಗದಲ್ಲಿ ಗೆಡ್ಡೆ ಊರತೊಡಗಿದ. ಬಿಸಿಲೇರುವ ಹೊತ್ತಿಗೆ ಹುಚ್ಚಮ್ಮ ಬಂದಳು. ಸೆರಗು ಸಿಕ್ಕಿಸಿ, ಕೆಸರಿಗಿಳಿದು, ತಾನೂ ಒಂದೊಂದೇ ಗೆಡ್ಡೆ ಊರಿದಳು. ಸಾಲು ಮುಗಿಯಿತು. ತಿಮ್ಮಯ್ಯ ಕೈ ತೊಳೆಯಲು ಬಗ್ಗಿದಾಗ ಅವಳು ಮುಖ ನೋಡದೆ ಹೇಳಿದಳು:

“ಇನ್ನೂ ಒಂದ್ ಸಾಲು ಶುಂಠಿ ಕೀಳಿ.”