ಗಾಳಿಗಿಂತ ಶುದ್ಧವಾದ ಸ್ಕೂಟರ್

ನಾನು ಕಗ್ಗದಾಸಪುರದ ಮುಖ್ಯರಸ್ತೆಯಲ್ಲಿ ಹೊಗೆ ತಪಾಸಣೆಯ ವ್ಯಾನ್ ನಿಲ್ಲಿಸಿಕೊಂಡು ಹನ್ನೊಂದು ವರ್ಷವಾಯಿತು. ಯಂತ್ರಕ್ಕಿಂತ ತಮಗೇ ಹೆಚ್ಚು ಗೊತ್ತು ಎನ್ನುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಅಂಥವರಲ್ಲಿ ಮೊದಲಿಗರು ನಮ್ಮ ಪಕ್ಕದ ಮನೆಯ ರಾಮಾಂಜಿನಪ್ಪ.

ಅವರ ಹಳೇ ಸ್ಕೂಟರ್ ಈ ಸಲ ಫೇಲಾದರೆ ಗುಜರಿಗೆ ಹೋಗಬೇಕೆಂದು ಮನೆಯಲ್ಲಿ ಮಾತಾಗಿತ್ತು. ಅವರಿಂದ ಆ ಮಾತು ಪಡೆದವರು ಹೆಂಡತಿ ಆಂಜನಮ್ಮ. ಮೂವತ್ತು ವರ್ಷ ಅದರ ಹಿಂದಿನ ಸೀಟಿನಲ್ಲಿ ಕೂತು ಹೊಗೆ ಕುಡಿದು ಅವರಿಗೆ ಸಾಕಾಗಿತ್ತು. ಫಲಿತಾಂಶ ನೋಡಲು ಅವರೂ ಜೊತೆಗೇ ಬಂದರು.

ಬಂದವರೇ ರಾಮಾಂಜಿನಪ್ಪ ಹೆಗಲ ಮೇಲಿನ ಬಿಳಿ ಟವೆಲನ್ನು ಸೈಲೆನ್ಸರಿಗೆ ಹಿಡಿದು ಇಪ್ಪತ್ತರವರೆಗೆ ಎಣಿಸಿದರು.

"ನೋಡು ಮುನೀಂದ್ರ, ಒಂದು ಕಲೆ ಇಲ್ಲ. ಪಾಸು!"

"ಕಣ್ಣಿಗೆ ಕಾಣ್ದೇ ಇರೋ ಹೊಗೇನೂ ಇರುತ್ತೆ ಅಣ್ಣ. ಅದನ್ನ ಮಿಷನ್ನೇ ಹೇಳ್ಬೇಕು" ಎಂದೆ.

"ಟವೆಲ್ಲೂ ಬೇಡ, ಮಿಷನ್ನೂ ಬೇಡ" ಎಂದರು ಆಂಜನಮ್ಮ. "ಇವ್ರು ಆ ತಿರುವಿಗೆ ಬಂದ್ರೆ ಸಾಕು, ಅಡುಗೆಮನೇಲಿ ನಂಗೆ ವಾಸ್ನೆ ಹೊಡೆಯುತ್ತೆ. ಆವಾಗ್ಲೇ ನಾನು ಮುದ್ದೆಗೆ ಎಸರು ಇಡೋದು. ಇದು ಫೇಲು."

ಹೇಳಿ ಸುಮ್ಮನಾಗಲಿಲ್ಲ. ಮನೆಯಿಂದ ತಂದ ಧೂಪದಾನಿಯನ್ನು ನನ್ನ ಯಂತ್ರದ ಪಕ್ಕದಲ್ಲೇ ಇಟ್ಟು, ಕೆಂಡದ ಮೇಲೆ ಸಾಂಬ್ರಾಣಿ ಸುರಿದು, ಫೇಲಾಗಲಿ ತಾಯಿ ಎಂದು ಕೈಮುಗಿದರು.

ಯಂತ್ರ ಮೊದಲು ಸುತ್ತಲಿನ ಗಾಳಿಯನ್ನು ಎಳೆದುಕೊಂಡು, ಅದನ್ನೇ ಶುದ್ಧವೆಂದು ನಂಬಿ, ಸೊನ್ನೆ ಇಟ್ಟುಕೊಳ್ಳುತ್ತದೆ. ಅದಾದ ಮೇಲೆ ನಳಿಗೆಯನ್ನು ಸೈಲೆನ್ಸರಿಗೆ ತೂರಿಸಿದೆ. ಪರದೆಯ ಮೇಲೆ ಬಂದ ಅಂಕಿ ಸೊನ್ನೆಗಿಂತಲೂ ಕಡಿಮೆ!

"ಗಾಳಿಗಿಂತ ಶುದ್ಧ ಕಣಯ್ಯ ನನ್ ಗಾಡಿ!" ಎಂದು ರಾಮಾಂಜಿನಪ್ಪ ಕುಣಿದಾಡಿದರು. ಅಲ್ಲೇ ಬಸ್ಸಿಗೆ ಕಾಯುತ್ತಿದ್ದ ನಮ್ಮ ಬೀದಿಯ ಗೋವಿಂದಮ್ಮನನ್ನು ಕರೆದು, ಉಬ್ಬಸ ಅಂತಿದ್ದೆಯಲ್ಲ, ಇದರ ಹಿಂದೆ ಕೂತು ಚೆನ್ನಾಗಿ ಉಸಿರೆಳೆದುಕೋ ಎಂದರು. ಆ ಪುಣ್ಯಾತ್ಗಿತ್ತಿ ನಿಜವಾಗಲೂ ಕೂತಳು. ಆಮೇಲೆ ಕೆಮ್ಮಿದ ಕೆಮ್ಮಿಗೆ ಇಡೀ ರಸ್ತೆ ತಿರುಗಿ ನೋಡಿತು.

ಆಂಜನಮ್ಮನ ಮುಖ ಬಾಡಿಹೋಯಿತು. ಆಗ ನನ್ನ ಕಣ್ಣು ಧೂಪದಾನಿಯ ಮೇಲೆ ಬಿತ್ತು. ಸಾಂಬ್ರಾಣಿ ಹೊಗೆಯನ್ನೇ ಶುದ್ಧ ಗಾಳಿ ಎಂದುಕೊಂಡಿತ್ತು ನನ್ನ ಯಂತ್ರ! ಬಾಯಿ ಮುಚ್ಚಿಕೊಂಡಿದ್ದರೆ ಸ್ಕೂಟರ್ ಉಳಿಯುತ್ತಿತ್ತು. ರಾಮಾಂಜಿನಪ್ಪನ ಖುಷಿ ನೋಡಿ ನನಗೂ ಅಯ್ಯೋ ಎನಿಸಿತು. ಆದರೆ ಯಂತ್ರದ ಮರ್ಯಾದೆ ಹೋಗುವುದನ್ನು ಸಹಿಸಲಾರೆ. ಧೂಪದಾನಿಯನ್ನು ದೂರ ಸಾಗಿಸಿ, ಸೊನ್ನೆಯಿಂದ ಮತ್ತೆ ಶುರು ಮಾಡಿದೆ. ಪಕ್ಕಾ ಫೇಲು. ಮಾತಿಗೆ ತಪ್ಪದ ಮನುಷ್ಯ, ಅವತ್ತೇ ಗುಜರಿಗೆ ಕೊಟ್ಟು ಟವೆಲಿನಲ್ಲಿ ಕಣ್ಣೊರೆಸಿಕೊಂಡರು.

ಈಗ ಅವರ ಮನೆಯಲ್ಲಿ ಬ್ಯಾಟರಿ ಸ್ಕೂಟರ್. ಸದ್ದಿಲ್ಲ, ಹೊಗೆಯಿಲ್ಲ. ನಿನ್ನೆ ಮಧ್ಯಾಹ್ನ ನಾನು ಊಟಕ್ಕೆ ಬಂದಾಗ ಕಾಂಪೌಂಡಿನ ಆಚೆಯಿಂದ ರಾಮಾಂಜಿನಪ್ಪನ ಕೂಗು ಕೇಳಿಸಿತು.

"ಹೊಟ್ಟೆ ಚುರುಗುಟ್ತಾ ಇದೆ, ಮುದ್ದೆ ಎಲ್ಲೇ?"

"ನೀವು ಬರೋದು ನಂಗೆ ಹೆಂಗ್ರೀ ಗೊತ್ತಾಗ್ಬೇಕು? ಈಗ ಎಸರು ಇಡ್ತಿದೀನಿ" ಎಂದ ಆಂಜನಮ್ಮ ದನಿ ತಗ್ಗಿಸಿ ಹೇಳಿದರು. "ಆ ಗುಜರಿಯವನ ಹತ್ರ ಒಂದ್ಮಾತು ಕೇಳ್ನೋಡಿ. ಸೈಲೆನ್ಸರ್ ಒಂದಾದ್ರೂ ವಾಪಸ್ ಕೊಡ್ತಾನಾ ಅಂತ."