ಓದಿ ಹೇಳುವ ಮೂಲೆ

ನೋಟಿಸ್ ಬೋರ್ಡಿನ ಹಾಳೆಗೆ ನಡುಭಾಗವೇ ಇಲ್ಲ, ಬಿಳಿ ಅಂಚಿದೆ, ಮೂಲೆಯ ಪಿನ್ನುಗಳಿವೆ, ಅಕ್ಷರವಿರಬೇಕಾದ ಕಡೆ ಮಾತ್ರ ಮಸಿ ಒರೆಸಿದ ಹಾಗೆ, ಓರೆಗಣ್ಣಿಗೆ ಗ್ರಂಥಾಲಯ ಅನ್ನುವಷ್ಟು ಸಿಕ್ಕಿತು ಮೂಕಾಂಬಿಕಾಗೆ, ಅದೂ ತಲೆಬರಹದ ದೊಡ್ಡಕ್ಷರವಾದ್ದಕ್ಕೆ — ಜನ್ಮವಿಡೀ ಕನ್ನಡ ಪಾಠ ಮಾಡಿದವಳಿಗೆ ಈಗ ಅಕ್ಷರವನ್ನು ಕದ್ದು ನೋಡುವ ಗತಿ, ನಡುವಿನ ದೃಷ್ಟಿ ಹೋದದ್ದು ಹೋಯ್ತು ಮೇಡಂ, ಅಂಚಿನದು ಉಳಿಯುತ್ತದೆ, ಅಂದಿದ್ದರು ಶಿವಮೊಗ್ಗದ ಡಾಕ್ಟರು, ಅಂಚನ್ನಿಟ್ಟುಕೊಂಡು ಉಪ್ಪಿನಕಾಯಿ ಹಾಕುವುದೇ. ಈ ಹಾಳೆಯಲ್ಲೇನಿದೆ ಅಂತ ನಿನ್ನೆ ತನ್ನ ಸಂಶೋಧನಾ ವಿದ್ಯಾರ್ಥಿನಿ ಶಿಲ್ಪಶ್ರೀ ಹೇಳದಿದ್ದರೆ ಗೊತ್ತೂ ಆಗುತ್ತಿರಲಿಲ್ಲ, ಲೈಬ್ರರಿಲಿ ಓದಿ ಹೇಳೋ ಕಂಪ್ಯೂಟರ್ ಇಟ್ಟಿದಾರೆ ಮೇಡಂ, ಕಣ್ಣು ಕಾಣದವ್ರಿಗೆ ಅಂತ, ಆದ್ರೆ ಯಾರು ಬೇಕಾದ್ರೂ ಕೂರ್ಬಹುದಂತೆ, ನನ್ನ ಅಧ್ಯಾಯ ಕಿವೀಲಿ ಕೇಳಿದ್ರೆ ತಪ್ಪು ಬೇಗ ಸಿಕ್ತದೆ, ಬನ್ನಿ — ಏನು ಜಾಣೆ ಇವಳು, ಅಧ್ಯಾಯ ಕೊಟ್ಟು ತಿಂಗಳುಗಳಾದವು, ಅಲ್ಲಿಡು ನಾಳೆ ನೋಡ್ತೀನಿ, ಅಲ್ಲಿಡು ನಾಳೆ ನೋಡ್ತೀನಿ, ನಿಟ್ಟೂರಿನಿಂದ ಬಸ್ಸು ಹಿಡಿದು ತೀರ್ಥಹಳ್ಳಿಗೆ ಬರುವವಳಿಗೆ ಎಷ್ಟು ನಾಳೆ ಹೇಳುವುದು, ಪ್ರಬಂಧ ಸಲ್ಲಿಸುವ ಗಡುವು ತಪ್ಪಿದರೆ ಇವಳ ಪಿಎಚ್‌ಡಿ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ, ಬೇರೆ ಗೈಡಿಗೆ ಒಪ್ಪಿಸಿಬಿಡಲೇ, ಮನಸ್ಸು ಬಾರದು, ಹೊಟ್ಟೆಕಿಚ್ಚೋ ಪ್ರೀತಿಯೋ. ಆ ಕಂಪ್ಯೂಟರು ತರಿಸಲು ಕಮಿಟಿಯಲ್ಲಿ ಸಹಿ ಹಾಕಿದ್ದೂ ತಾನೇ, ಇದನ್ನ ಯಾರು ಬಳಸ್ತಾರೆ ಸತೀಶ್ ಅಂತ ಲೈಬ್ರರಿಯನ್ನನ್ನು ರೇಗಿಸುತ್ತ. ಕಾಣದವರಿಗೊಂದು ನೋಟಿಸು, ಅದೂ ಇರುವೆಸಾಲಿನ ಅಕ್ಷರದಲ್ಲಿ, ದೇವರೇ ಕಾಪಾಡಬೇಕು.

ಮೂಲೆಯ ಕುರ್ಚಿ, ಕಿವಿಗೆ ಹೆಡ್‌ಫೋನು, ಒಳಗೊಬ್ಬ ಗಂಡಸು ಎ, ವಿ, ಎ, ಯು, ಎ ಎಂದು ಬಡಬಡಿಸುತ್ತಿದ್ದಾನೆ, ಕನ್ನಡದ ಒಂದು ಸೊಲ್ಲಿಲ್ಲ, ಮುಗಿಯಿತು, ಕಣ್ಣೂ ಹೋಯಿತು, ಕಿವಿಯೂ ದಕ್ಕಲಿಲ್ಲ, ಅಳು ಬಂತು, ಎದ್ದಳು — ತಡೀರಿ ಮೇಡಂ, ಪಕ್ಕದಿಂದ ಶಿಲ್ಪಶ್ರೀ, ನಾನೇ ಹಳೇ ಫಾಂಟಲ್ಲಿ ಟೈಪ್ ಮಾಡಿಬಿಟ್ಟಿದೀನಿ, ನೋಡೋಕೆ ಕನ್ನಡ, ಒಳಗೆಲ್ಲ ಇಂಗ್ಲಿಷ್ ಅಕ್ಷರ, ಯೂನಿಕೋಡಿಗೆ ಬದಲಾಯಿಸ್ತೀನಿ, ಕೂತ್ಕೊಳ್ಳಿ — ಕೂತಳು, ಟಕಟಕ ಸದ್ದು, ಮತ್ತೆ ಅದೇ ಗಂಡಸು, ಈ ಸಲ ಮದುವೆಮನೆಗೆ ಬಂದ ಬ್ಯಾಂಕ್ ಮ್ಯಾನೇಜರನ ಗಾಂಭೀರ್ಯದಲ್ಲಿ, ಮಲೆನಾಡಿನ ದೀವರ ಹೆಂಗಸರ ಹಸೆ ಚಿತ್ತಾರ, ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ, ನನ್ನಜ್ಜಿ ಗುತ್ಯಮ್ಮ ಪುಂಡಿನಾರಿನ ಕುಂಚ ಹಿಡಿದರೆ ಕೈ ನಡುಗುವುದು ನಿಲ್ಲುತ್ತಿತ್ತು — ಎಷ್ಟು ಚೆಂದ ಬರೆದಿದ್ದಾಳೆ, ಇದನ್ನು ತಡೆದಿಟ್ಟುಕೊಂಡು ಕೂತಿದ್ದೆನಲ್ಲ, ಆದರೆ ಇಲ್ಲೊಂದು ವಾಕ್ಯ ಜಾಸ್ತಿಯಾಯಿತು, ತೆಗಿ ಅದನ್ನ ಅಂದಳು, ಯಾವ್ದು ಮೇಡಂ, ಬೆರಳು ಪರದೆಯ ಮೇಲೆ ಅಲೆಯಿತು, ಎಲ್ಲೂ ನಿಲ್ಲಲಿಲ್ಲ, ಕಾಲೇಜಿನ ಕನ್ನಡ ಕೈಕೊಟ್ಟಿತು, ಇಲ್ಲಿ ಯಾರೆದುರೂ ಆಡದ ಸಾಗರದ ಮನೆಮಾತು ಹೊರಬಿತ್ತು, ಎಂಗೆ ಕಾಣ್ತಿಲ್ಲೆ ಕೂಸೆ, ನನಗೆ ಕಾಣುತ್ತಿಲ್ಲ ಎಂಬ ಇಷ್ಟು ದಿನ ಮುಚ್ಚಿಟ್ಟ ಮಾತು. ಗೊತ್ತಿತ್ತು ಮೇಡಂ, ಅಂದಳು ಶಿಲ್ಪಶ್ರೀ, ಅಷ್ಟೇ, ಅವಳ ಬೆಚ್ಚನೆಯ ಕೈ ಮೂಕಾಂಬಿಕಾಳ ತೋರುಬೆರಳನ್ನು ಹಿಡಿದು ಕೀಬೋರ್ಡಿನ ಮೇಲಿಟ್ಟಿತು, ಈ ಕೀ ಮೇಲೊಂದು ಗೆರೆ ಇದೆ ಮೇಡಂ, ಸಿಕ್ತಾ, ಇದು ಸಿಕ್ಕಿದ್ರೆ ನೋಡದೇನೇ ಉಳಿದದ್ದೆಲ್ಲ ಸಿಕ್ತದೆ — ಇಷ್ಟು ವರ್ಷ ಟೈಪ್ ಮಾಡಿದರೂ ನೋಡಿರದ ಗೆರೆ, ಅಕ್ಕಿನುಚ್ಚಿನಷ್ಟು ಉಬ್ಬಿದ ಗೆರೆ, ಬೆರಳು ಜಾರಿತು, ಮತ್ತೆ ಹುಡುಕಿತು, ಗೆರೆ, ಸಿಕ್ಕಿತು, ಗೆರೆ