ಹೊಸ ಚರಂಡಿ

ಕಲ್ಲು ಉಜ್ಜಿದ ಸಣ್ಣ ಸದ್ದಿಗೆ ನಯನಾ ಕಣ್ಣು ಬಿಟ್ಟಳು. ಪಕ್ಕದಲ್ಲಿ ಗಂಡ ಅರುಣ್‌ಕುಮಾರ್ ಇರಲಿಲ್ಲ. ಬೀದಿದೀಪ ಕೆಟ್ಟು ವಾರವಾಗಿತ್ತು. ಕಿಟಕಿಯಾಚೆ ಬರೀ ಕತ್ತಲು. ಅದೇ ಸದ್ದು ಮತ್ತೊಮ್ಮೆ ಬಂತು, ನಿಂತಿತು. ಎದ್ದು ನೋಡಬೇಕೆಂದುಕೊಂಡಳು, ಏಳಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಅವನು ಬಂದು ಮಲಗಿದ. ಕೈ ತಣ್ಣಗಿತ್ತು.

"ಎಲ್ಲಿಗೆ ಹೋಗಿದ್ರಿ?"

"ಮೋಟರ್ ಆಫ್ ಮಾಡಕ್ಕೆ. ಮಲ್ಕೊ."

ಬೆಳಕು ಹರಿಯುವ ಮೊದಲೇ ಡೈರಿಯಿಂದ ಹಾಲು ತರಲು ಹೊರಟ ಎದುರುಮನೆಯ ಕೆಂಚಪ್ಪನವರು, ಚಪ್ಪಡಿ ಸರಿದಿದ್ದ ಚರಂಡಿಯೊಳಗೆ ಬಿದ್ದು, ತಲೆಯೊಡೆದು ತೀರಿಕೊಂಡರು.

*

ಆಸ್ಪತ್ರೆಯಿಂದ ಹೆಣ ಬಂದಾಗ ಮಧ್ಯಾಹ್ನ. ಗೆಂಡೆಹಳ್ಳಿಯ ನೆಂಟರ ಹಿಂದೆಯೇ ವಾರ್ಡಿನ ಪುರಸಭೆ ಸದಸ್ಯ ಇಂದ್ರೇಶ್ ಹಾರ ಹಿಡಿದು ಬಂದ. ಪಕ್ಕದ ವಾರ್ಡಿನ ಸದಸ್ಯೆ ಬಿಂದುಶ್ರೀಯೂ ಬಂದಳು. ಮೀಟಿಂಗಿನಲ್ಲಿ ಮುಖ ಕೊಟ್ಟು ಮಾತಾಡದ ಇಬ್ಬರೂ ಹೆಣದ ಎರಡು ಪಕ್ಕ ನಿಂತರು.

"ನಿಮ್ ಕಂಟ್ರಾಕ್ಟರ್ ಕೆಲ್ಸ ನೋಡಿ ಇಂದ್ರೇಶಣ್ಣ. ಚಪ್ಪಡಿ ಕೂರ್ಸೋದಕ್ಕೂ ಬರಲ್ಲ ಅವನಿಗೆ," ಎಂದಳು ಬಿಂದುಶ್ರೀ.

"ನಮ್ ವಾರ್ಡಿಗೇ ಮೊದ್ಲು ಹಾಕ್ಬೇಕು ಅಂತ ಆರು ತಿಂಗಳು ಅಡ್ಡ ನಿಂತೋರು ಯಾರಮ್ಮ? ಸಾವಿನ್ ಮನೇಲಿ ಬ್ಯಾಡ, ಬಿಡಿ."

ತಲೆದೆಸೆಯಲ್ಲಿ ಕೂತಿದ್ದ ಕೆಂಚಪ್ಪನವರ ಹೆಂಡತಿ ಲಲಿತಮ್ಮ ಮುಖವೆತ್ತದೆ ಹೇಳಿದರು. "ಹಾರ ಯಾಕ್ರಪ್ಪ ತಂದ್ರಿ? ಇದ್ದಾಗ ಮೀಟಿಂಗ್‌ನಾಗೆ ಒಂದು ಕುರ್ಚಿ ಕೊಡ್ನಿಲ್ಲ ನೀವು. ಗೋಡೆಗೆ ಒರಗ್ಕಂಡೇ ನಿಂತಿರೋರು."

*

ಕೊಬ್ಬರಿ ಮಂಡಿಯಲ್ಲಿ ಕೊಬ್ಬರಿ ಆರಿಸುತ್ತಲೇ ಮುದುಕರಾದ ಕೆಂಚಪ್ಪನವರು, ಕೆಲಸ ಬಿಟ್ಟ ಮೇಲೆ ಪುರಸಭೆಯ ಒಂದು ಮೀಟಿಂಗೂ ತಪ್ಪಿಸಿರಲಿಲ್ಲ. ಎಲ್ಲರ ಜಗಳ ಮುಗಿಯುವ ತನಕ ಕಾದು ಮೂಲೆಯಿಂದ ಕೈಯೆತ್ತುವರು. "ಸ್ವಾಮೀ, ನಮ್ ಬೀದಿ ಚರಂಡಿಗೆ ಚಪ್ಪಡಿ."

"ಚಪ್ಪಡಿ ಹಾಕಿದ್ರೆ ಅದರ್ ಮೇಲೆ ಹಾಸ್ಕಂಡು ಮಲಗ್ತೀಯೇನಜ್ಜ?" ಎಂದು ಒಮ್ಮೆ ಯಾರೋ ಸಭೆಯನ್ನು ನಗಿಸಿದ್ದರು.

"ನಾನ್ಯಾಕೆ ಮಲಗ್ಲಿ? ಹುಡುಗ್ರು ದಾಟ್ತವೆ."

ಚಪ್ಪಡಿ ಬರುವವರೆಗೆ ಇರಲೆಂದು ಅವರೇ ತೆಂಗಿನ ಮರದ ತುಂಡೊಂದನ್ನು ಚರಂಡಿಗೆ ಅಡ್ಡ ಹಾಕಿದ್ದರು. ಮಳೆಗಾಲದಲ್ಲಿ ಜಾರೀತೆಂದು ಗೋಣಿ ಸುತ್ತುವರು. ನಯನಾ ತುಂಬು ಬಸುರಿಯಾಗಿದ್ದಾಗ, "ಕೆಳಗೆ ನೋಡ್ಬ್ಯಾಡ, ನನ್ನ ನೋಡು ಮಗ," ಎನ್ನುತ್ತ ಕೈ ಹಿಡಿದು ದಾಟಿಸಿದ್ದರು.

ಚಪ್ಪಡಿ ಸಮೇತ ಹೊಸ ಚರಂಡಿ ಮಂಜೂರಾದ ಮೀಟಿಂಗಿನಲ್ಲೇ ಇನ್ನೊಂದು ತೀರ್ಮಾನವೂ ಆಯಿತು: ಅದಕ್ಕೆ ಯಾರೂ ಮನೆಯ ಪೈಪು ಬಿಡಕೂಡದು. ನಯನಾಳ ಮನೆಯ ಇಂಗುಗುಂಡಿ ತುಂಬಿಹೋಗಿ, ಬಚ್ಚಲಲ್ಲಿ ಪಾದ ಮುಳುಗುವಷ್ಟು ನೀರು ನಿಲ್ಲುತ್ತಿತ್ತು. ಅರುಣ್ ಎರಡು ಸಲ ಪುರಸಭೆಗೆ ಅಲೆದ. "ಇವರಪ್ಪನ ಮನೆ ಚರಂಡಿನಾ? ನಾನೇ ನೋಡ್ಕೋತೀನಿ," ಎನ್ನುತ್ತ ವಾಪಸು ಬಂದಿದ್ದ.

*

ಹೆಣ ಎತ್ತುವ ಹೊತ್ತಿಗೆ ಕಂಟ್ರಾಕ್ಟರ್ ಸುನಿಲ್ ಬಂದ. ನೆಂಟರೊಬ್ಬರು ಅವನ ಕೊರಳಪಟ್ಟಿಗೆ ಕೈ ಹಾಕಿದರು.

"ಸಿಮೆಂಟ್ ಹಾಕಿ ಕೂರ್ಸಿದ್ದೆ ಕಣಣ್ಣ. ಯಾರೋ ಹಾರೆ ಕೊಟ್ಟು ಎತ್ತವ್ರೆ. ನನ್ ಮಕ್ಕಳಾಣೆ."

"ಯಾರ್ಲಾ ಎತ್ತೋರು? ದೆವ್ವ ಬಂದು ಎತ್ತಿತಾ?"

"ಬಿಡ್ರಪ್ಪ, ಪೊಲೀಸ್ರು ಬತ್ತಾವ್ರೆ," ಇಂದ್ರೇಶ್ ಬಿಡಿಸಿದ. "ಕೇಸ್ ಇವನ ಮೇಲೇ. ಒಳಗೆ ಹಾಕಿಸ್ತೀನಿ."

ಚಟ್ಟಕ್ಕೆ ಹೆಗಲು ಕೊಡಲು ಎಲ್ಲರಿಗಿಂತ ಮೊದಲು ಬಗ್ಗಿದವನು ಅರುಣ್. ಅವನ ಉಗುರಿನ ಸಂದಿಯಲ್ಲಿ ಬೂದು ಸಿಮೆಂಟು ಕೂತಿತ್ತು. ನಯನಾ ಅದನ್ನು ಕಂಡಳು.

ಲಲಿತಮ್ಮ ಅವಳ ಮಣಿಕಟ್ಟು ಹಿಡಿದರು. "ನಿನ್ ರೂಮು ಬೀದಿ ಕಡೀಕೆ ಅಲ್ವೇನವ್ವ? ರಾತ್ರಿ ಏನಾರ ಸದ್ದು ಕೇಳಿಸ್ತಾ?"

ಚಟ್ಟ ಹೊತ್ತವನು ಕತ್ತು ತಿರುಗಿಸಿ ನೋಡಿದ.

"ಫ್ಯಾನ್ ಓಡ್ತಿತ್ತು ಅಜ್ಜಿ," ಎಂದಳು. ಮಣ್ಣು ಮುಗಿಯಲಿ. ಅವನನ್ನೊಂದು ಮಾತು ಕೇಳಿ, ಆಮೇಲೆ ಹೇಳಿದರಾಯಿತು. ಸುನಿಲನಿಗೂ ಮಕ್ಕಳಿದ್ದಾರೆ.

*

ಸಾವಿನ ಮನೆಗೆ ಹೋದವರು ಮೈಗೆ ನೀರು ಹಾಕಿಕೊಳ್ಳದೆ ಒಳಗೆ ಓಡಾಡುವಂತಿಲ್ಲ. ಅತ್ತೆ ಸ್ನಾನ ಮುಗಿಸಿ ತಲೆ ಒರೆಸುತ್ತ ಬಂದರು.

"ನೋಡೇ ನಯನಾ, ಬಚ್ಚಲ್ ನೀರು ಒಂಚೂರೂ ನಿಲ್ಲಾಕಿಲ್ಲ! ಗಟಗಟ ಅಂತ ಹೋಯ್ತದೆ. ದೇವ್ರು ಕಣ್ಣು ಬಿಟ್ಟ."

ಬಾಗಿಲ ಬಳಿ ನಿಂತಿದ್ದ ಅರುಣ್, ತಾಯಿ ಅತ್ತ ಹೋಗುವ ತನಕ ಕಾದ.

"ಪೈಪ್ ಕೂರ್ಸಿದ್ ಸಿಮೆಂಟ್ ಒಣಗ್ಲಿ ಅಂತ ಚಪ್ಪಡಿ ತೆಗೆದೇ ಬಿಟ್ಟಿದ್ದೆ," ಎಂದ, ತುಟಿ ಮಾತ್ರ ಆಡಿಸುತ್ತ. "ಬೆಳಕಾಗೋ ಮುಂಚೆ ಮುಚ್ಚೋಣ ಅಂತ. ನಿದ್ದೆ ಬಂದ್ಬಿಡ್ತು, ನಯನಾ." ತೊಟ್ಟಿಲಲ್ಲಿ ಮಲಗಿದ್ದ ಮಗುವಿನ ಮೇಲೆ ಕೈಯಿಟ್ಟ.

ಅವಳು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಒಂದು ಚೊಂಬು ಸುರಿದುಕೊಂಡಳು. ನೀರು ಗಟಗಟನೆ ಬೀದಿಯತ್ತ ಓಡಿತು. ಸಣ್ಣ ಕಿಟಕಿಯಾಚೆ, ಎದುರುಮನೆಯ ಮುಂದೆ ಹೆಣ ಮಲಗಿಸಿದ್ದ ಜಾಗದಲ್ಲಿ ದೀಪವಿಟ್ಟುಕೊಂಡು ಕೂತಿದ್ದ ಲಲಿತಮ್ಮ ಆ ಸದ್ದಿಗೆ ತಲೆಯೆತ್ತಿದರು.

ನಯನಾ ಕಿಟಕಿಯಿಂದ ಹಿಂದೆ ಸರಿದಳು. ಯಾರಿಗೂ ಹೇಳುವುದಿಲ್ಲ. ಬಚ್ಚಲ ತೂತಿಗೆ ಹಿಮ್ಮಡಿ ಒತ್ತಿ ನಿಂತು, ಇನ್ನೊಂದು ಚೊಂಬನ್ನು ಮೈಮೇಲೆ ಎಳೆಎಳೆಯಾಗಿ ಇಳಿಬಿಟ್ಟಳು. ನೀರು ಸದ್ದಿಲ್ಲದೆ ಪಾದದ ಸುತ್ತ ಏರತೊಡಗಿತು.